ಐಡಿ ಬ್ಲಾಕ್ ಮಾಡಿದ್ದು ಸಾಫ್ಟ್‌ವೇರ್ ಆದರೆ ಉತ್ತರ ಕೊಡಬೇಕಾದವರು ಯಾರು?

ಪ್ರಶ್ನೆ: ಕೆ.ಆರ್. ಪುರದ ಓದುಗ

ನನ್ನ ತಮ್ಮ ಬೆಂಗಳೂರಿನಲ್ಲಿ ಒಂದು ಆ್ಯಪ್ ಕಂಪನಿಯ ಪರವಾಗಿ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಆ್ಯಪ್ ತೆರೆದಾಗ, ನಿಯಮ ಉಲ್ಲಂಘನೆಯ ಕಾರಣ ಐಡಿ ಬ್ಲಾಕ್ ಆಗಿದೆ ಎಂಬ ಒಂದು ಸಾಲು ಮಾತ್ರ ಕಾಣಿಸಿತು. ಯಾವ ನಿಯಮ, ಯಾವ ದಿನದ ಯಾವ ಆರ್ಡರ್ ಎಂಬ ವಿವರವಿರಲಿಲ್ಲ. ಚಾಟ್‌ನಲ್ಲಿ ಕೇಳಿದ್ದಕ್ಕೆ ‘ಅಸಹಜ ಚಟುವಟಿಕೆ ಪತ್ತೆಯಾಗಿದೆ’ ಎಂಬ ಸಿದ್ಧ ಉತ್ತರ ಬಂದಿತು. ಆ ಭಾಗದ ಟೀಮ್ ಲೀಡರ್ ‘ಅದು ಸಿಸ್ಟಮ್ ಮಾಡಿದ್ದು, ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಫೋನ್ ಇಟ್ಟರು. ಬೈಕಿನ ಕಂತು ಮತ್ತು ರೂಮಿನ ಬಾಡಿಗೆ ಮಾತ್ರ ನಿಂತಿಲ್ಲ.

ಒಬ್ಬನ ಐಡಿ ಬಿಡಿಸಿಕೊಳ್ಳುವ ಉಪಾಯ ಕೇಳಲು ನಾನು ಇದನ್ನು ಬರೆಯುತ್ತಿಲ್ಲ. ಮೇಲಧಿಕಾರಿಯೊಬ್ಬರು ಕೆಲಸದಿಂದ ತೆಗೆದಿದ್ದರೆ ಅವರ ಹೆಸರು, ಸಹಿ, ಒಂದು ಕಾಗದವಾದರೂ ಇರುತ್ತಿತ್ತು. ಇಲ್ಲಿ ಅನ್ನ ಕಿತ್ತುಕೊಂಡ ನಿರ್ಧಾರವಿದೆ, ಆದರೆ ಅದನ್ನು ತೆಗೆದುಕೊಂಡವರು ಯಾರೂ ಇಲ್ಲ. ಕರ್ನಾಟಕದ ಹೊಸ ಗಿಗ್ ಕಾರ್ಮಿಕರ, ಅಂದರೆ ಆ್ಯಪ್‌ಗಳ ಮೂಲಕ ಬಿಡಿ ಕೆಲಸ ಮಾಡುವವರ, ಕಾಯ್ದೆ ಇಂಥ ನಿರ್ಧಾರಗಳ ಮೇಲೆ ವಾಸ್ತವದಲ್ಲಿ ಯಾವ ಹಿಡಿತವನ್ನು ಕೊಡುತ್ತದೆ? ಬೇರೆ ದೇಶಗಳ ನ್ಯಾಯಾಲಯಗಳು ಕಂಪನಿಗಳ ಬಾಯಿಂದ ಕಾರಣ ಹೊರಡಿಸಿದ ಉದಾಹರಣೆಗಳಿವೆಯೇ? ಕಾರಣ ಕೊಟ್ಟರೂ ಅದು ನಿಜವೇ ಎಂದು ಒಳಹೊಕ್ಕು ನೋಡುವ ಅಧಿಕಾರ ಯಾರಿಗಿರಬೇಕು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.


ಉತ್ತರ: ಕಾರ್ಮಿಕ ವಕೀಲ, ಬೆಂಗಳೂರು

ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು, ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಕಲ್ಯಾಣ ಶುಲ್ಕ, ಅಂದರೆ ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಅಗ್ರಿಗೇಟರ್, ಅಂದರೆ ಆ್ಯಪ್ ನಡೆಸುವ ಕಂಪನಿ ಕಟ್ಟಬೇಕಾದ ಹಣ. ನಿಮಗೆ ಬೇಕಾದ ಅಂಶಗಳತ್ತ ಹೆಚ್ಚು ಜನರ ಗಮನ ಹೋಗಲಿಲ್ಲ.

ಅವುಗಳಲ್ಲಿ ಒಂದು, ಕೆಲಸದಿಂದ ತೆಗೆಯುವ ವಿಧಾನ. ಸಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನಗಳ ಮುಂಗಡ ನೋಟಿಸ್ ಕೊಡದೆ ಗಿಗ್ ಕಾರ್ಮಿಕನನ್ನು ಕೈಬಿಡುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಇನ್ನೊಂದು, ಸ್ವಯಂಚಾಲಿತ ನಿಗಾ ಮತ್ತು ನಿರ್ಧಾರ ವ್ಯವಸ್ಥೆಗಳ ಪಾರದರ್ಶಕತೆ. ದರ, ಗಳಿಕೆ, ಗ್ರಾಹಕರ ರೇಟಿಂಗ್ ಮೊದಲಾದ ದುಡಿಮೆಯ ಷರತ್ತುಗಳ ಮೇಲೆ ಪರಿಣಾಮ ಬೀರುವ ಇಂಥ ವ್ಯವಸ್ಥೆಗಳ ಬಗ್ಗೆ ಮಾಹಿತಿ ಪಡೆಯುವ ಕ್ರಮವನ್ನು ಕಂಪನಿ ಕಾರ್ಮಿಕನಿಗೆ ಸರಳ ಭಾಷೆಯಲ್ಲಿ ತಿಳಿಸಬೇಕು. ಆ ವ್ಯವಸ್ಥೆಗಳು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇತ್ಯಾದಿಗಳ ಆಧಾರದಲ್ಲಿ ತಾರತಮ್ಯ ಮಾಡದಂತೆ ನೋಡಿಕೊಳ್ಳುವ ಹೊಣೆಯೂ ಕಂಪನಿಯದೇ. ಕುಂದುಕೊರತೆ ಪರಿಹಾರ ಅಧಿಕಾರಿಯ ಮುಂದೆ ದೂರು ಕೊಡಬಹುದು. ದೊಡ್ಡ ಕಂಪನಿಗಳು ಆಂತರಿಕ ವ್ಯಾಜ್ಯ ಪರಿಹಾರ ಸಮಿತಿಯನ್ನೂ ಇಟ್ಟುಕೊಳ್ಳಬೇಕು.

ರಾಜಸ್ಥಾನ 2023ರಲ್ಲಿ ದೇಶದ ಮೊದಲ ಗಿಗ್ ಕಾರ್ಮಿಕರ ಕಾಯ್ದೆ ತಂದಿತ್ತು. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಗಿಗ್ ಕಾರ್ಮಿಕ ಎಂದರೆ ಯಾರು ಎಂದು ಹೇಳುತ್ತದೆ, ವಿಮೆ ಮತ್ತು ಕಲ್ಯಾಣ ಯೋಜನೆಗಳ ಮಾತಾಡುತ್ತದೆ. ಐಡಿ ಬ್ಲಾಕ್ ಮಾಡುವ ಯಂತ್ರದ ತಂಟೆಗೆ ಹೋಗುವುದಿಲ್ಲ. ಆ ದೃಷ್ಟಿಯಲ್ಲಿ ನಮ್ಮ ರಾಜ್ಯದ ಕಾಯ್ದೆ ಒಂದು ಹೆಜ್ಜೆ ಮುಂದಿದೆ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಆದರೆ ವಕೀಲನಾಗಿ ಓದುವಾಗ ಎರಡು ಕಡೆ ನೆಲ ಸಡಿಲವಾಗಿದೆ. ‘ನಾವು ಯಾರನ್ನೂ ತೆಗೆದಿಲ್ಲ, ತನಿಖೆ ಮುಗಿಯುವವರೆಗೆ ತಾತ್ಕಾಲಿಕವಾಗಿ ತಡೆಹಿಡಿದಿದ್ದೇವೆ’ ಎಂದು ಕಂಪನಿಗಳು ವಾದಿಸುವುದು ಖಚಿತ. ಬ್ಲಾಕ್ ಮೂರು ತಿಂಗಳು ಮುಂದುವರಿದರೂ ಅದರ ಹೆಸರು ತಾತ್ಕಾಲಿಕವೇ. ನೋಟಿಸ್ ಮತ್ತು ಲಿಖಿತ ಕಾರಣದ ರಕ್ಷಣೆ ನಿಲ್ಲುವುದೂ ಬೀಳುವುದೂ ಈ ಒಂದು ವಾದವನ್ನು ಅಧಿಕಾರಿ ಒಪ್ಪುತ್ತಾರೆಯೇ ಎಂಬುದರ ಮೇಲೆ. ಇಂತಿಷ್ಟು ದಿನ ದಾಟಿದ ತಡೆಯನ್ನು ವಜಾ ಎಂದೇ ಪರಿಗಣಿಸಬೇಕು ಎಂಬ ಒಂದು ಸಾಲು ಬಿದ್ದರೆ ಅರ್ಧ ಜಗಳ ಮುಗಿಯುತ್ತದೆ. ಇನ್ನೊಂದು ತೊಡಕೆಂದರೆ, ಮಾಹಿತಿ ಪಡೆಯುವ ಹಕ್ಕು ಬೇರೆ, ನಿರ್ಧಾರವನ್ನು ಪ್ರಶ್ನಿಸಿ ಮನುಷ್ಯನೊಬ್ಬ ಅದನ್ನು ಹೊಸದಾಗಿ ಪರಿಶೀಲಿಸುವಂತೆ ಮಾಡುವ ಹಕ್ಕು ಬೇರೆ. ಮೊದಲನೆಯದರ ಬಗ್ಗೆ ಕಾಯ್ದೆ ಮಾತಾಡಿದಷ್ಟು ಗಟ್ಟಿಯಾಗಿ ಎರಡನೆಯದರ ಬಗ್ಗೆ ಮಾತಾಡುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸ್ವಲ್ಪ ನೆರವಾಗಬಹುದು. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ದತ್ತಾಂಶ ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳಬೇಕೆಂದು ಅದರ 8ನೇ ಸೆಕ್ಷನ್ ಹೇಳುತ್ತದೆ. ಯುರೋಪಿನಲ್ಲಿರುವಂತೆ ಸಂಪೂರ್ಣ ಸ್ವಯಂಚಾಲಿತ ನಿರ್ಧಾರಕ್ಕೆ ಒಳಗಾಗದಿರುವ ಹಕ್ಕು ಅದರಲ್ಲಿಲ್ಲ. ಜೊತೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದರೂ, ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ.


ಉತ್ತರ: ಆಮ್‌ಸ್ಟೆಲ್‌ವೀನ್ ಕನ್ನಡಿಗ

ಎರಡನೆಯ ಪ್ರಶ್ನೆಗೆ ನಾನಿರುವ ಊರಿನ ಪಕ್ಕದಲ್ಲೇ ಉತ್ತರವಿದೆ, ಮತ್ತು ಅದರಲ್ಲಿ ಬೆಂಗಳೂರಿನ ಕಂಪನಿಯೊಂದರ ಹೆಸರೂ ಇದೆ. ಬ್ರಿಟನ್ ಮತ್ತು ಪೋರ್ಚುಗಲ್‌ನ ಕೆಲವು ಚಾಲಕರು ಊಬರ್ ಮತ್ತು ಓಲಾ ವಿರುದ್ಧ ಆಮ್‌ಸ್ಟರ್‌ಡಾಮ್‌ನಲ್ಲಿ ದಾವೆ ಹೂಡಿದ್ದರು. ಆ ಕಂಪನಿಗಳ ಯುರೋಪಿನ ವ್ಯವಹಾರ ನೋಡುವ ಸಂಸ್ಥೆಗಳು ನೆದರ್ಲೆಂಡ್ಸ್‌ನಲ್ಲಿ ನೋಂದಣಿಯಾಗಿದ್ದುದೇ ಅದಕ್ಕೆ ಕಾರಣ. ಜಿಡಿಪಿಆರ್ ಎಂಬ ಐರೋಪ್ಯ ಒಕ್ಕೂಟದ ದತ್ತಾಂಶ ನಿಯಮದ 22ನೇ ವಿಧಿ ಇಲ್ಲಿ ಮುಖ್ಯ. ವ್ಯಕ್ತಿಯ ಮೇಲೆ ಗಂಭೀರ ಪರಿಣಾಮ ಬೀರುವ ನಿರ್ಧಾರವನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೇವಲ ಯಂತ್ರದ ಮೂಲಕ ತೆಗೆದುಕೊಳ್ಳುವಂತಿಲ್ಲ ಎನ್ನುವುದು ಅದರ ಸಾರ.

ಊಬರ್ ಪ್ರಕರಣದ ಚಾಲಕರ ಖಾತೆಗಳನ್ನು ವಂಚನೆಯ ಆರೋಪದ ಮೇಲೆ ಮುಚ್ಚಲಾಗಿತ್ತು. ಪೋಲೆಂಡಿನ ಕ್ರಾಕೋವ್‌ನಲ್ಲಿರುವ ತನ್ನ ತಂಡದ ಸಿಬ್ಬಂದಿ ಇಂಥ ಪ್ರಕರಣಗಳನ್ನು ನೋಡುತ್ತಾರೆ, ಆದ್ದರಿಂದ ಇದು ಬರೀ ಯಂತ್ರದ ನಿರ್ಧಾರವಲ್ಲ ಎಂದು ಕಂಪನಿ ವಾದಿಸಿತು. 2021ರ ಮಾರ್ಚ್‌ನಲ್ಲಿ ಕೆಳ ನ್ಯಾಯಾಲಯ ಅದನ್ನು ಒಪ್ಪಿಕೊಂಡಿತು. 2023ರ ಏಪ್ರಿಲ್ 4ರಂದು ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಆ ಸಿಬ್ಬಂದಿಗೆ ಯಾವ ಅರ್ಹತೆ ಇತ್ತು, ಅವರು ಏನನ್ನು ತೂಗಿ ನೋಡಿದರು ಎಂಬುದನ್ನು ಕಂಪನಿ ತೋರಿಸಲಿಲ್ಲ. ಚಾಲಕರೊಂದಿಗೆ ಅವರು ಒಂದು ಮಾತನ್ನೂ ಆಡಿರಲಿಲ್ಲ. ಇಂಥ ಮಾನವ ಹಸ್ತಕ್ಷೇಪ ಸಾಂಕೇತಿಕಕ್ಕಿಂತ ಹೆಚ್ಚೇನಲ್ಲ ಎಂಬ ತೀರ್ಮಾನಕ್ಕೆ ನ್ಯಾಯಾಲಯ ಬಂದಿತು. ಒಂದೇ ಸಂಗತಿಯನ್ನು ಎರಡು ನ್ಯಾಯಾಲಯಗಳು ಬೇರೆ ಬೇರೆಯಾಗಿ ಕಂಡದ್ದಕ್ಕೆ ಕಾರಣ ಇಷ್ಟೇ: ಮೊದಲನೆಯದು ಮನುಷ್ಯ ಇದ್ದಾನೆ ಎಂಬ ಹೇಳಿಕೆಗೆ ತೃಪ್ತಿಪಟ್ಟಿತು, ಎರಡನೆಯದು ಅವನು ಮಾಡಿದ್ದೇನು ಎಂದು ಕೇಳಿತು.

ಓಲಾ ಪ್ರಕರಣದಲ್ಲಿ ಚಾಲಕರಿಗೆ ತಿಳಿಯದಂತೆ ಅವರ ಬಗ್ಗೆ ವಂಚನೆಯ ಸಂಭಾವ್ಯತೆಯ ಸ್ಕೋರ್ ಮತ್ತು ಗಳಿಕೆಯ ಪ್ರೊಫೈಲ್ ಇಟ್ಟಿದ್ದ ಸಂಗತಿ ಚರ್ಚೆಗೆ ಬಂದಿತು. ಟ್ರಿಪ್ ಹಂಚಿಕೆಯಲ್ಲಿ ಇವುಗಳ ಪಾತ್ರವನ್ನು ಬಹಿರಂಗಪಡಿಸುವಂತೆ ನ್ಯಾಯಾಲಯ ಆದೇಶಿಸಿತು. ಆದೇಶವಾದ ಮಾತ್ರಕ್ಕೆ ಕಾಗದಗಳು ಹೊರಬರುತ್ತವೆ ಎಂದೇನಿಲ್ಲ. ಊಬರ್ ತನ್ನ ಪ್ರಕರಣದ ಆದೇಶವನ್ನು ಸಮರ್ಪಕವಾಗಿ ಪಾಲಿಸಲಿಲ್ಲವೆಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡಾಮ್ ನ್ಯಾಯಾಲಯ 5,84,000 ಯೂರೋ ದಂಡ ಕಟ್ಟಿಸಬೇಕಾಯಿತು. ದಿನಕ್ಕಿಷ್ಟು ಎಂದು ಏರುತ್ತಾ ಹೋಗುವ ಈ ದಂಡದ ಪದ್ಧತಿ ಕರ್ನಾಟಕದ ನಿಯಮಗಳಲ್ಲಿ ಬಂದರೆ ಚೆನ್ನ. ಒಮ್ಮೆ ಕಟ್ಟಿ ಮುಗಿಸುವ ದಂಡವನ್ನು ದೊಡ್ಡ ಕಂಪನಿಗಳು ಖರ್ಚಿನ ಬಾಬತ್ತಿಗೆ ಬರೆದುಕೊಂಡು ಮುಂದೆ ಹೋಗುತ್ತವೆ.

ಇಟಲಿಯ ಬೊಲೋನ್ಯಾ ನಗರದ ತೀರ್ಪನ್ನೂ ಸೇರಿಸುತ್ತೇನೆ, ಏಕೆಂದರೆ ಅದು ನಿಮ್ಮ ತಮ್ಮ ಮಾಡುವಂಥ ಕೆಲಸದ್ದೇ. ಡೆಲಿವರೂ ಕಂಪನಿಯಲ್ಲಿ ರೈಡರ್‌ಗಳು ಮುಂದಿನ ವಾರದ ಪಾಳಿಗಳನ್ನು ಸೋಮವಾರ ಬುಕ್ ಮಾಡಬೇಕಿತ್ತು. ಒಳ್ಳೆಯ ಅಂಕವಿದ್ದವರಿಗೆ ಬೆಳಿಗ್ಗೆ 11ಕ್ಕೆ ಕಿಂಡಿ ತೆರೆಯುತ್ತಿತ್ತು, ನಂತರದವರಿಗೆ ಮಧ್ಯಾಹ್ನ 3ಕ್ಕೆ, ಉಳಿದವರಿಗೆ ಸಂಜೆ 5ಕ್ಕೆ. ಅಷ್ಟರಲ್ಲಿ ಆದಾಯ ಹೆಚ್ಚಿರುವ ಪಾಳಿಗಳು ತುಂಬಿಹೋಗುತ್ತಿದ್ದವು. ಬುಕ್ ಮಾಡಿದ ಪಾಳಿಯನ್ನು 24 ಗಂಟೆ ಮುಂಚೆ ರದ್ದು ಮಾಡದಿದ್ದರೆ ಅಂಕ ಕುಸಿಯುತ್ತಿತ್ತು. ಜ್ವರವೇ, ಮುಷ್ಕರವೇ, ಬರೀ ಸೋಮಾರಿತನವೇ ಎಂದು ಆ ವ್ಯವಸ್ಥೆ ಕೇಳುತ್ತಿರಲಿಲ್ಲ. 2020ರ ಡಿಸೆಂಬರ್ 31ರಂದು ನ್ಯಾಯಾಲಯ ಇದನ್ನು ತಾರತಮ್ಯ ಎಂದು ಕರೆದು, ದಾವೆ ಹೂಡಿದ್ದ ಕಾರ್ಮಿಕ ಸಂಘಟನೆಗಳಿಗೆ 50,000 ಯೂರೋ ಪರಿಹಾರ ಕೊಡಿಸಿತು. ಎಲ್ಲರನ್ನೂ ಒಂದೇ ರೀತಿ ಕಂಡಿದ್ದೇವೆ ಎಂಬುದು ಕಂಪನಿಗೆ ರಕ್ಷಣೆಯಾಗಲಿಲ್ಲ. ಕಾರಣಗಳು ಬೇರೆಯಿದ್ದಾಗ ಒಂದೇ ರೀತಿ ಕಾಣುವುದೇ ಅಲ್ಲಿ ದೋಷವಾಯಿತು.


ಉತ್ತರ: ಸ್ಕೋರ್ ಬರೆಯುವವನು

ನಾನು ವಂಚನೆ ಪತ್ತೆಯ ಮಾಡೆಲ್‌ಗಳ, ಅಂದರೆ ವಂಚನೆಯ ಸಂಭವ ಎಷ್ಟೆಂದು ಸ್ಕೋರ್ ಕೊಡುವ ಸಾಫ್ಟ್‌ವೇರ್‌ಗಳ ಮೇಲೆ ಕೆಲಸ ಮಾಡುವ ಎಂಜಿನಿಯರ್. ಕಂಪನಿಯ ಹೆಸರು ಇಲ್ಲಿ ಅಪ್ರಸ್ತುತ. ಇಂಥ ವ್ಯವಸ್ಥೆಗಳು ಸುಮ್ಮನೆ ಹುಟ್ಟಿದವಲ್ಲ ಎಂಬುದನ್ನು ಮೊದಲು ಹೇಳಬೇಕು. ಫೇಕ್ ಜಿಪಿಎಸ್ ಆ್ಯಪ್ ಹಾಕಿಕೊಂಡು ಮನೆಯಲ್ಲೇ ಕುಳಿತು ಟ್ರಿಪ್ ತೋರಿಸುವವರಿದ್ದಾರೆ, ಒಂದೇ ಐಡಿಯನ್ನು ನಾಲ್ವರು ಬಳಸುವುದಿದೆ, ಗ್ರಾಹಕನೊಂದಿಗೆ ಸೇರಿಕೊಂಡು ಇನ್ಸೆಂಟಿವ್ ಹೊಡೆಯುವುದೂ ಇದೆ. ದಿನಕ್ಕೆ ಲಕ್ಷಗಟ್ಟಲೆ ಆರ್ಡರ್ ನಡೆಯುವಲ್ಲಿ ಇದನ್ನೆಲ್ಲ ಮನುಷ್ಯರೇ ಕುಳಿತು ನೋಡಲಾಗದು.

ತೊಂದರೆ ಇರುವುದು ಲೆಕ್ಕದಲ್ಲಿ. ವಿವರಣೆಗಾಗಿ ಊಹೆಯ ಸಂಖ್ಯೆಗಳನ್ನೇ ಹಿಡಿಯೋಣ. ಒಂದು ಲಕ್ಷ ಕಾರ್ಮಿಕರಲ್ಲಿ 1,000 ಮಂದಿ ನಿಜವಾಗಿ ವಂಚಿಸುತ್ತಿದ್ದಾರೆ. ಮಾಡೆಲ್ ಅವರಲ್ಲಿ ಶೇ. 90ರಷ್ಟು ಜನರನ್ನು ಹಿಡಿಯುತ್ತದೆ, ಪ್ರಾಮಾಣಿಕರಲ್ಲಿ ಶೇ. 2ರಷ್ಟು ಜನರನ್ನು ಮಾತ್ರ ತಪ್ಪಾಗಿ ಅನುಮಾನಿಸುತ್ತದೆ. ಮೀಟಿಂಗ್‌ನಲ್ಲಿ ಇದು ಬಹಳ ಒಳ್ಳೆಯ ಮಾಡೆಲ್ ಅನ್ನಿಸಿಕೊಳ್ಳುತ್ತದೆ. ಆದರೆ ಹಿಡಿಯಲ್ಪಟ್ಟ ವಂಚಕರು 900, ಅನುಮಾನಕ್ಕೆ ಸಿಕ್ಕ ಪ್ರಾಮಾಣಿಕರು 1,980. ಬ್ಲಾಕ್ ಆದ ಮೂವರಲ್ಲಿ ಇಬ್ಬರು ಏನೂ ಮಾಡಿರುವುದಿಲ್ಲ. ಈ ಇಬ್ಬರು ಯಾರು ಎಂದು ಹುಡುಕುವ ಖರ್ಚನ್ನು ಯಾರು ಹೊರಬೇಕು ಎಂಬುದೇ ನೀವು ಚರ್ಚಿಸುತ್ತಿರುವ ವಿಷಯ ಎಂದು ನನಗೆ ತೋರುತ್ತದೆ. ಈಗ ಅದನ್ನು ಹೊರುತ್ತಿರುವವರು ಬ್ಲಾಕ್ ಆದವರು.

ಪ್ರಾಮಾಣಿಕರು ಹೇಗೆ ಸಿಕ್ಕಿಬೀಳುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುತ್ತಾನೆ. ಆ ಫೋನಿನ ಹಿಂದಿನ ಒಡೆಯ ವಂಚನೆಗಾಗಿ ಬ್ಲಾಕ್ ಆಗಿದ್ದವನಾಗಿರಬಹುದು. ವ್ಯವಸ್ಥೆ ಫೋನಿನ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ. ಅದರ ಪಾಲಿಗೆ ಹಳೆಯ ವಂಚಕನೇ ಹೊಸ ಹೆಸರಿನಲ್ಲಿ ಬಂದಿದ್ದಾನೆ. ಈ ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿದ್ದರೂ ಆ ಹುಡುಗ ಅಂಗಡಿಯ ಬಿಲ್ ತೋರಿಸಿ ಅರ್ಧ ಗಂಟೆಯಲ್ಲಿ ಪಾರಾಗುತ್ತಿದ್ದ. ‘ಅಸಹಜ ಚಟುವಟಿಕೆ’ ಎಂದರೆ ಅವನು ಏನನ್ನು ತೋರಿಸಬೇಕು?

ಕ್ರಾಕೋವ್‌ನ ವಿಷಯ ಓದಿ ನನಗೆ ಆಶ್ಚರ್ಯವಾಗಲಿಲ್ಲ. ಮಾನವ ಪರಿಶೀಲನೆ ಎಂಬುದು ಸಾಮಾನ್ಯವಾಗಿ ಹೀಗಿರುತ್ತದೆ: ಪರದೆಯ ಮೇಲೆ ಸ್ಕೋರ್ ಮೊದಲೇ ಕಾಣುತ್ತದೆ, ಕೆಳಗೆ ಎರಡು ಬಟನ್‌ಗಳಿರುತ್ತವೆ, ಗಂಟೆಗೆ ಇಷ್ಟು ಕೇಸು ಮುಗಿಸಬೇಕು ಎಂಬ ಟಾರ್ಗೆಟ್ ಇರುತ್ತದೆ. ಪರಿಶೀಲಕ ಒಬ್ಬನನ್ನು ಬಿಟ್ಟು, ಮುಂದೆ ಅವನು ವಂಚಕ ಎಂದು ತಿಳಿದರೆ ಪರಿಶೀಲಕನನ್ನು ಕರೆದು ಕೇಳುತ್ತಾರೆ. ಬ್ಲಾಕ್ ಅನ್ನು ಎತ್ತಿಹಿಡಿದು, ಮುಂದೆ ಅವನು ನಿರಪರಾಧಿ ಎಂದು ತಿಳಿದರೆ ಯಾರೂ ಕೇಳುವುದಿಲ್ಲ, ಏಕೆಂದರೆ ಅದು ತಿಳಿಯುವ ಸಂಭವವೇ ಇಲ್ಲ. ಹೀಗಿರುವಲ್ಲಿ ಮನುಷ್ಯನನ್ನು ಕಡ್ಡಾಯ ಮಾಡುವುದರಿಂದ ಮಾತ್ರ ಏನೂ ಬದಲಾಗದು. ಪರಿಶೀಲಕರು ನೂರಕ್ಕೆ ಎಷ್ಟು ಬ್ಲಾಕ್‌ಗಳನ್ನು ತೆರವು ಮಾಡುತ್ತಾರೆ ಎಂಬ ಅಂಕಿಯನ್ನು ಸರ್ಕಾರ ಕೇಳಲಿ. ಅದು ಸೊನ್ನೆಗೆ ಹತ್ತಿರವಿದ್ದರೆ ಪರಿಶೀಲನೆ ನಡೆಯುತ್ತಿಲ್ಲವೆಂದು ಬೇರೆ ಸಾಕ್ಷ್ಯ ಬೇಡ.

ಒಬ್ಬೊಬ್ಬನಿಗೆ ಕಾರಣ ಕೊಡುವುದಕ್ಕಿಂತ ಒಟ್ಟಾರೆ ತಪ್ಪಿನ ಪ್ರಮಾಣವನ್ನು ಹೊರಗಿನವರಿಂದ ತಪಾಸಣೆ ಮಾಡಿಸುವುದೇ ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಆ ತಪಾಸಣೆ ತನಗೆ ಅನ್ವಯಿಸುತ್ತದೆಯೇ ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಕಂಪನಿಗೆ ಇರಬಾರದು. ನ್ಯೂಯಾರ್ಕ್ ನಗರವು ನೇಮಕಾತಿ ಸಾಫ್ಟ್‌ವೇರ್‌ಗಳಿಗೆ ವಾರ್ಷಿಕ ಪಕ್ಷಪಾತ ತಪಾಸಣೆ ಕಡ್ಡಾಯ ಮಾಡಿ 2023ರ ಜುಲೈನಿಂದ ಜಾರಿಗೊಳಿಸಿತು. ಮರುವರ್ಷ ಪ್ರಕಟವಾದ ಅಧ್ಯಯನಕ್ಕಾಗಿ ಸಂಶೋಧಕರು 391 ಕಂಪನಿಗಳ ಜಾಲತಾಣಗಳನ್ನು ಹುಡುಕಿದಾಗ ತಪಾಸಣಾ ವರದಿ ಸಿಕ್ಕಿದ್ದು 18ರಲ್ಲಿ. ಸಾಫ್ಟ್‌ವೇರ್ ಬರೀ ಸಲಹೆ ಕೊಡುತ್ತದೆ, ನಿರ್ಧಾರ ನಮ್ಮದೇ ಎಂದುಕೊಂಡ ಕಂಪನಿ ಆ ಕಾನೂನಿನ ವ್ಯಾಪ್ತಿಯಿಂದ ತಾನೇ ಹೊರಗುಳಿಯಬಹುದಿತ್ತು.


ಪ್ರಶ್ನೆ ಕೇಳಿದವರಿಂದ: ಕೆ.ಆರ್. ಪುರದ ಓದುಗ

ಮೂವರಿಗೂ ಧನ್ಯವಾದಗಳು. ತಮ್ಮನ ಫೋನ್ ಕೂಡ ಸೆಕೆಂಡ್ ಹ್ಯಾಂಡೇ, ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು; ಬಿಲ್ ಹುಡುಕುತ್ತಿದ್ದೇವೆ. ಒಂದು ಸಂದೇಹ ಉಳಿದಿದೆ. ಕಾರಣ ಹೇಳಿದರೆ ವಂಚಕರು ತಪ್ಪಿಸಿಕೊಳ್ಳುವ ದಾರಿ ಕಲಿಯುತ್ತಾರೆ, ಜೊತೆಗೆ ಅದು ನಮ್ಮ ವ್ಯಾಪಾರದ ಗುಟ್ಟು ಎಂದು ಕಂಪನಿ ಹೇಳಿದರೆ ಏನು ಉತ್ತರ? ಆರ್‌ಟಿಐ ಅರ್ಜಿ ಹಾಕಬಹುದೇ ಎಂದೂ ಕೆಲವರು ಕೇಳುತ್ತಿದ್ದಾರೆ.


ಉತ್ತರ: ಕಾರ್ಮಿಕ ವಕೀಲ, ಬೆಂಗಳೂರು

ಆರ್‌ಟಿಐ ನೇರವಾಗಿ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ. ಕಾರ್ಮಿಕ ಇಲಾಖೆ ಅಥವಾ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯ ಬಳಿ ಇರುವ ದಾಖಲೆಗಳನ್ನು ಕೇಳಬಹುದು, ಉದಾಹರಣೆಗೆ ಎಷ್ಟು ದೂರು ಬಂದವು, ಎಷ್ಟರಲ್ಲಿ ಐಡಿ ಮರಳಿ ಸಿಕ್ಕಿತು ಎಂಬುದನ್ನು. ಒಂದು ವೇಳೆ ಸಾಫ್ಟ್‌ವೇರ್ ಬಳಸಿದ್ದು ಸರ್ಕಾರವೇ ಆಗಿದ್ದರೆ, ಪಡಿತರ ಚೀಟಿಯನ್ನೋ ಪಿಂಚಣಿಯನ್ನೋ ರದ್ದು ಮಾಡಿದ್ದರೆ, ನಿಮ್ಮ ಕೈ ಹೆಚ್ಚು ಬಲವಾಗಿರುತ್ತಿತ್ತು: ಆಡಳಿತಾತ್ಮಕ ನಿರ್ಧಾರದ ಕಾರಣವನ್ನು ಬಾಧಿತ ವ್ಯಕ್ತಿಗೆ ಕೊಡಲೇಬೇಕೆಂದು ಆರ್‌ಟಿಐ ಕಾಯ್ದೆಯ 4(1)(ಡಿ) ಹೇಳುತ್ತದೆ, ಮತ್ತು ಕಂಪ್ಯೂಟರ್ ಮಾಡಿದ್ದು ಎಂಬ ವಿನಾಯಿತಿ ಅಲ್ಲಿಲ್ಲ.

ಗುಟ್ಟಿನ ವಾದಕ್ಕೆ ನನಗೆ ಬಹಳ ಹಿಡಿಸಿದ ಉತ್ತರ ಐರೋಪ್ಯ ಒಕ್ಕೂಟದ ನ್ಯಾಯಾಲಯ 2025ರ ಫೆಬ್ರವರಿ 27ರಂದು ಕೊಟ್ಟದ್ದು. ಆಸ್ಟ್ರಿಯಾದಲ್ಲಿ ಒಬ್ಬ ಗ್ರಾಹಕರಿಗೆ ತಿಂಗಳಿಗೆ 10 ಯೂರೋ ಕಟ್ಟುವ ಶಕ್ತಿಯಿಲ್ಲವೆಂದು ಸ್ವಯಂಚಾಲಿತ ಸ್ಕೋರ್ ಹೇಳಿದ್ದರಿಂದ ಮೊಬೈಲ್ ಸಂಪರ್ಕ ನಿರಾಕರಿಸಲಾಗಿತ್ತು. ಸ್ಕೋರ್ ಕೊಟ್ಟಿದ್ದ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್‌ನ ಆಸ್ಟ್ರಿಯಾ ಶಾಖೆ ವ್ಯಾಪಾರ ಗುಟ್ಟಿನ ಮೊರೆ ಹೋಯಿತು. ನ್ಯಾಯಾಲಯ ಎರಡು ಮಾತು ಹೇಳಿತು. ಗಣಿತದ ಸೂತ್ರವನ್ನು ಎದುರಿಗೆ ಇಟ್ಟರೆ ವಿವರಣೆ ಕೊಟ್ಟಂತಾಗುವುದಿಲ್ಲ. ಯಾವ ದತ್ತಾಂಶವನ್ನು ಯಾವ ರೀತಿಯಲ್ಲಿ ಬಳಸಲಾಯಿತು ಎಂಬುದು ಆ ವ್ಯಕ್ತಿಗೆ ಅರ್ಥವಾಗಬೇಕು. ಇನ್ನು ನಿಜವಾದ ಗುಟ್ಟೇನಾದರೂ ಇದ್ದರೆ ಕಂಪನಿ ಅದನ್ನು ನಿಯಂತ್ರಕ ಅಥವಾ ನ್ಯಾಯಾಲಯದ ಮುಂದೆ ಇಡಬೇಕು, ಎಷ್ಟನ್ನು ಗ್ರಾಹಕನಿಗೆ ಕೊಡಬೇಕೆಂದು ತೂಗಿ ಹೇಳುವವರು ಅವರು. ಅಂದರೆ ಗುಟ್ಟು ಉಳಿಯಬಹುದು, ಆದರೆ ಅದು ಗುಟ್ಟು ಹೌದೋ ಅಲ್ಲವೋ ಎಂದು ತೀರ್ಪು ಕೊಡುವವನು ಗುಟ್ಟಿನ ಒಡೆಯನೇ ಆಗಿರಬಾರದು. ಇದು ನಮ್ಮಲ್ಲಿ ಬಂಧಕ ತೀರ್ಪಲ್ಲವಾದರೂ ಕುಂದುಕೊರತೆ ಅಧಿಕಾರಿಯ ಮುಂದೆ ವಾದವಾಗಿ ಇಡಲು ಅಡ್ಡಿಯಿಲ್ಲ.

ಎಂಜಿನಿಯರ್ ಅವರ ಅಭಿಪ್ರಾಯಕ್ಕೆ ನನ್ನ ಅರೆ ಒಪ್ಪಿಗೆ ಮಾತ್ರ. ಒಟ್ಟಾರೆ ತಪ್ಪಿನ ಪ್ರಮಾಣ ಶೇ. 2ರಿಂದ 1ಕ್ಕೆ ಇಳಿದರೆ ಒಳ್ಳೆಯದೇ, ಆದರೆ ಆ ಶೇ. 1ರಲ್ಲಿ ಉಳಿದವನಿಗೆ ವಾರ್ಷಿಕ ವರದಿಯಿಂದ ಆಗಬೇಕಾದ್ದು ಏನೂ ಇಲ್ಲ.


ಉತ್ತರ: ನಿವೃತ್ತ ಲೇಬರ್ ಇನ್‌ಸ್ಪೆಕ್ಟರ್

ಮೂರನೆಯ ಪ್ರಶ್ನೆಗೆ ಯಾರೂ ಪೂರ್ತಿ ಕೈ ಹಾಕಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಇಲಾಖೆಯಲ್ಲಿದ್ದಾಗ ಅಂಗಡಿ ಅಥವಾ ಕಾರ್ಖಾನೆಗೆ ಹೋದರೆ ಮೊದಲು ಕೇಳುತ್ತಿದ್ದುದು ಹಾಜರಿ ಪುಸ್ತಕ ಮತ್ತು ವೇತನ ರಿಜಿಸ್ಟರ್. ಮಾಲೀಕರು ಎಷ್ಟೇ ಸಿಹಿಯಾಗಿ ಮಾತಾಡಲಿ, ಪುಸ್ತಕ ಮುಂದೆ ಬಂದ ಮೇಲೆ ಮಾತು ಕಡಿಮೆಯಾಗುತ್ತಿತ್ತು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಬಂದದ್ದು. ಆರು ತಿಂಗಳು ಸತತವಾಗಿ ದುಡಿದ ನೌಕರನನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು ಅದರ 39ನೇ ಸೆಕ್ಷನ್ ಹೇಳುತ್ತದೆ. ದುರ್ನಡತೆಯ ಆರೋಪವಿದ್ದರೆ ಶೋಕಾಸ್ ನೋಟಿಸ್, ವಿಚಾರಣೆ, ಆಮೇಲೆ ಆದೇಶ. ಬೇಕರಿಯ ಹುಡುಗನಿಗೆ ಇದ್ದ ಈ ಕ್ರಮ, ಸಾವಿರಾರು ಕೋಟಿಯ ಕಂಪನಿಗೆ ಊಟ ಸಾಗಿಸುವವನಿಗೆ ಇಲ್ಲವಾದದ್ದು ಅವನನ್ನು ನೌಕರ ಎನ್ನದೆ ಪಾರ್ಟ್‌ನರ್ ಎಂದದ್ದರಿಂದ. ಯಂತ್ರದ ಚರ್ಚೆಯಲ್ಲಿ ಇದು ಮರೆಯಾಗಬಾರದು.

ಈಗ ಇನ್‌ಸ್ಪೆಕ್ಟರ್ ಯಾವ ಪುಸ್ತಕ ಕೇಳಬೇಕು? ಮಾಡೆಲ್‌ನ ಒಳಗಿನ ಸೂತ್ರ ನಮ್ಮ ಇಲಾಖೆಯವರಿಗೆ ಕೊಟ್ಟರೂ ಅವರು ಅದನ್ನು ಏನು ಮಾಡಿಯಾರು? ಬೇಕಾದದ್ದು ಬ್ಲಾಕ್ ರಿಜಿಸ್ಟರ್. ಯಾವ ದಿನ, ಯಾವ ಐಡಿ, ಯಾವ ಕಾರಣ, ಯಾವ ಸ್ಕೋರ್, ಯಾರು ಪರಿಶೀಲಿಸಿದರು, ಎಷ್ಟು ನಿಮಿಷ ನೋಡಿದರು, ಕಾರ್ಮಿಕ ಏನು ಹೇಳಿದ, ಕೊನೆಗೆ ಏನಾಯಿತು. ಕಂಪನಿ ಇದನ್ನು ಇಷ್ಟು ವರ್ಷ ಕಾಯ್ದಿಡಬೇಕು, ತೋರಿಸದಿದ್ದರೆ ಬ್ಲಾಕ್ ಅಕ್ರಮವೆಂದೇ ಪರಿಗಣಿಸಬೇಕು ಎಂದು ನಿಯಮ ಮಾಡಿದರೆ ನಮ್ಮ ಸಾಮಾನ್ಯ ಇನ್‌ಸ್ಪೆಕ್ಟರ್‌ಗಳೇ ಸಾಕು.

ಮೇಲ್ವಿಚಾರಕನಿಗೆ ಸ್ವಂತ ಕಣ್ಣು ಬೇಕು ಎಂಬುದಕ್ಕೆ ಆಸ್ಟ್ರೇಲಿಯಾದ ರೋಬೋಡೆಟ್ ಪ್ರಕರಣ ನೋಡಿ. ಅದು ಸರ್ಕಾರವೇ ನಡೆಸಿದ ಯೋಜನೆ. ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ವರ್ಷದ ಎಲ್ಲ ಹದಿನೈದು ದಿನಗಳ ಅವಧಿಗಳಿಗೆ ಸಮನಾಗಿ ಹಂಚಿ, ಅವಧಿಗೊಂದರಂತೆ ಸಿಕ್ಕಿದ ಭತ್ಯೆಯೊಂದಿಗೆ ಹೋಲಿಸಿ, ಹೆಚ್ಚು ಪಡೆದಿದ್ದೀರಿ ಎಂದು ಬಡವರಿಗೆ ಸಾಲದ ನೋಟಿಸ್ ಕಳಿಸಿದರು. ಆರು ತಿಂಗಳು ದುಡಿದು ಆರು ತಿಂಗಳು ಕೆಲಸವಿಲ್ಲದೆ ಇದ್ದವನು ಈ ಲೆಕ್ಕದಲ್ಲಿ ವರ್ಷವಿಡೀ ದುಡಿದವನಾದ. ಅಲ್ಲ ಎನ್ನುವುದಾದರೆ ಹಳೆಯ ವರ್ಷಗಳ ಸಂಬಳದ ಚೀಟಿಗಳನ್ನು ಅವನೇ ತರಬೇಕಿತ್ತು. 2017ರಲ್ಲಿ ಅಲ್ಲಿನ ಒಂಬುಡ್ಸ್‌ಮನ್, ಅಂದರೆ ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ, ತನಿಖೆ ಮಾಡಿ ವರದಿ ಕೊಟ್ಟರೂ ಯೋಜನೆ ನಿಲ್ಲಲಿಲ್ಲ. ಇದು ಕಾನೂನಿಗೆ ಹೊಂದುವುದಿಲ್ಲ ಎಂಬ 2014ರ ಕಾನೂನು ಸಲಹೆ ಇಲಾಖೆಯ ಕಡತದಲ್ಲೇ ಇತ್ತು, ಒಂಬುಡ್ಸ್‌ಮನ್‌ಗೆ ಮಾತ್ರ ಅದನ್ನು ಕೊಟ್ಟಿರಲಿಲ್ಲ. 2019ರ ನವೆಂಬರ್‌ವರೆಗೂ ನೋಟಿಸ್‌ಗಳು ಹೋದವು, ಅದೇ ತಿಂಗಳು ವಿಷಯ ಫೆಡರಲ್ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಇದರ ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಎಂಬ ಉನ್ನತ ಆಯೋಗ 2023ರ ಜುಲೈನಲ್ಲಿ ಅದನ್ನು ಒರಟು ಮತ್ತು ಕ್ರೂರ ವಿಧಾನ, ನ್ಯಾಯಯುತವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದು ಬರೆಯಿತು. ತಪಾಸಣೆಗೆ ಒಳಗಾಗುವವನೇ ಯಾವ ಕಡತ ತೋರಿಸಬೇಕೆಂದು ಆರಿಸುವುದಾದರೆ ತಪಾಸಣೆ ಎಷ್ಟು ಸಲ ನಡೆದರೂ ಅಷ್ಟೇ.

ನಮ್ಮಲ್ಲಿ ಒಂದು ಅನುಕೂಲ ಇದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ಕಲ್ಯಾಣ ಶುಲ್ಕ ಪ್ರತಿ ಪಾವತಿಯ ಮೇಲೆ ಬೀಳುವುದರಿಂದ, ಪಾವತಿಗಳನ್ನು ದಾಖಲಿಸುವ ಪರಿಶೀಲನಾ ವ್ಯವಸ್ಥೆಯೊಂದನ್ನು ಕರ್ನಾಟಕದ ಕಾಯ್ದೆಯೇ ಕಲ್ಪಿಸಿದೆ. ವಾರಕ್ಕೆ ಆರು ದಿನ ದುಡಿಯುತ್ತಿದ್ದವನ ಪಾವತಿ ಒಂದು ದಿನದಿಂದ ಇನ್ನೊಂದು ದಿನಕ್ಕೆ ಸೊನ್ನೆಯಾದರೆ, ಅವನು ಊರಿಗೆ ಹೋಗಿರಬಹುದು, ಕಂಪನಿ ಬದಲಿಸಿರಬಹುದು, ಇಲ್ಲವೇ ಬ್ಲಾಕ್ ಆಗಿರಬಹುದು. ಹಾಗೆ ಸೊನ್ನೆಯಾದವರ ಪಟ್ಟಿಯನ್ನು ಮಂಡಳಿ ತಿಂಗಳಿಗೊಮ್ಮೆ ತೆಗೆದು, ಅವರಲ್ಲಿ ಎಷ್ಟು ಜನರಿಗೆ 14 ದಿನಗಳ ನೋಟಿಸ್ ಹೋಗಿತ್ತು ಎಂದು ಕಂಪನಿಯನ್ನು ಕೇಳಿದರೆ ಸಾಕು. ಕಾರ್ಮಿಕ ದೂರು ಕೊಡಲಿ ಎಂದು ಕಾಯಬೇಕಾಗಿಲ್ಲ, ಕಂಪನಿಯ ಮಾತನ್ನೇ ನಂಬಬೇಕಾಗಿಯೂ ಇಲ್ಲ.


ಉತ್ತರ: ಸ್ಕೋರ್ ಬರೆಯುವವನು

ಇನ್‌ಸ್ಪೆಕ್ಟರ್ ಸರ್ ಹೇಳಿದ ಬ್ಲಾಕ್ ರಿಜಿಸ್ಟರ್‌ನ ಬಹುಪಾಲು ವಿವರಗಳು ಈಗಾಗಲೇ ಲಾಗ್‌ಗಳಲ್ಲಿ, ಅಂದರೆ ಸಾಫ್ಟ್‌ವೇರ್ ತಾನಾಗಿ ಬರೆದಿಡುವ ದಾಖಲೆಗಳಲ್ಲಿ ಇರುತ್ತವೆ. ಸರ್ವರ್ ಖರ್ಚು ಉಳಿಸಲು ಹಳೆಯ ಲಾಗ್‌ಗಳನ್ನು ಕೆಲವು ತಿಂಗಳಲ್ಲಿ ಅಳಿಸುವುದು ರೂಢಿ. ಅಳಿಸುವಂತಿಲ್ಲ ಎಂದು ಕಾನೂನು ಹೇಳಿದರೆ ಇಟ್ಟುಕೊಳ್ಳಲು ತಾಂತ್ರಿಕ ತೊಡಕೇನೂ ಇಲ್ಲ. ಒಂದನ್ನು ಮಾತ್ರ ಸೇರಿಸಬೇಕು: ಬ್ಲಾಕ್ ಆದ ದಿನ ಯಾವ ಆವೃತ್ತಿಯ ಮಾಡೆಲ್ ಓಡುತ್ತಿತ್ತು, ಯಾವ ಸ್ಕೋರ್ ದಾಟಿದರೆ ಬ್ಲಾಕ್ ಎಂದು ಮಿತಿ ಇಟ್ಟಿದ್ದರು, ಆ ಮಿತಿಗೆ ಒಪ್ಪಿಗೆ ಕೊಟ್ಟವರು ಯಾರು. ಮಾಡೆಲ್ ಕೊಡುವುದು ಸಂಖ್ಯೆಯನ್ನು ಮಾತ್ರ. 80ಕ್ಕೆ ಬ್ಲಾಕ್ ಮಾಡಬೇಕೋ 95ಕ್ಕೋ ಎಂಬುದನ್ನು ಯಾವುದೋ ಸಭೆಯಲ್ಲಿ ಮನುಷ್ಯರೇ ತೀರ್ಮಾನಿಸಿರುತ್ತಾರೆ, ಹಬ್ಬದ ಸೀಸನ್‌ನಲ್ಲಿ ಹುಡುಗರು ಕಡಿಮೆ ಬಿದ್ದಾಗ ಅದನ್ನು ಸಡಿಲಿಸಿರುವುದೂ ಉಂಟು. ಟೀಮ್ ಲೀಡರ್ ‘ಸಿಸ್ಟಮ್ ಮಾಡಿದ್ದು’ ಎಂದರಲ್ಲ, ಆ ಸಭೆಯ ನಡಾವಳಿಯನ್ನು ಕೇಳಿ.